ಹಡಗಿನ ಹೊಗೆಗೆ ಚೌಳು ನೀರು

ಮದ್ದೂರಿನಿಂದ ಸಮುದ್ರಕ್ಕೆ ಯಾವ ದಾರಿ ಹಿಡಿದರೂ ನೂರೈವತ್ತು ಮೈಲಿಗೆ ಕಡಿಮೆಯಿಲ್ಲ. ಇಲ್ಲಿಯವರಿಗೆ ನೀರೆಂದರೆ ನಾಲೆ, ಶಿಂಷಾ ಹೊಳೆ, ಹರಕೆ ತೀರಿಸಲು ಹೋದಾಗ ಮುತ್ತತ್ತಿಯ ಕಾವೇರಿ. ಹಡಗು ಅನ್ನುವುದು ಪಾಠದ ಪುಸ್ತಕದ ಒಂದು ಚಿತ್ರ, ಅಷ್ಟೆ. ಇಂಥ ಊರಿನಲ್ಲಿ ಹುಟ್ಟಿ, ಗುಡಿ ಬೀದಿಯ ಅಯ್ಯಂಗಾರರ ಮನೆಯಲ್ಲಿ ಪುಳಿಯೋಗರೆ ತಿಂದು ಬೆಳೆದ ತಿರುನಾರಾಯಣ ಹಡಗಿನ ಎಂಜಿನಿಯರಾದದ್ದೇ ಒಂದು ಸೋಜಿಗ. ಅವನು ೧೯೭೬ರ ಜನವರಿಯಲ್ಲಿ ಎರಡು ತಿಂಗಳ ರಜೆಗೆ ಬಂದು, ತಿಂದುಂಡು ಮಲಗುವುದು ಬಿಟ್ಟು ಮಾಡಿದ ಕೆಲಸ ಅದಕ್ಕಿಂತ ದೊಡ್ಡ ಸೋಜಿಗ.

ಅವನ ತಲೆಗೆ ಹೊಗೆಯ ಹುಚ್ಚು ಹತ್ತಿತ್ತು. ಬೀಡಿ ಸಿಗರೇಟಿನ ಹೊಗೆಯಲ್ಲ, ಹಡಗಿನ ಹೊಗೆ. ಹಡಗಿಗೆ ಹಾಕುವ ಎಣ್ಣೆ ನಮ್ಮ ಲಾಂದ್ರದ ಸೀಮೆಎಣ್ಣೆಯಂಥದ್ದಲ್ಲ. ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಎಲ್ಲವನ್ನೂ ಬಸಿದುಕೊಂಡ ಮೇಲೆ ತಳದಲ್ಲಿ ಉಳಿಯುತ್ತದಲ್ಲ, ಆ ಕಪ್ಪು ಗಷ್ಟು. ಕಾಯಿಸದಿದ್ದರೆ ಅದು ಹರಿಯುವುದೂ ಇಲ್ಲ. ನೂರು ಸೇರು ಎಣ್ಣೆಯಲ್ಲಿ ಮೂರು ಸೇರಾದರೂ ಗಂಧಕ. ಅದು ಉರಿದರೆ ಬರುವ ಹೊಗೆಗೆ ಕಣ್ಣು ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಎದೆ ಹಿಡಿಯುತ್ತದೆ. ನಡು ಸಮುದ್ರದಲ್ಲಿ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ, ಯಾರೂ ಕೇಳುವವರಿಲ್ಲ. ದಡದ ಹತ್ತಿರ ಬಂದಾಗ ಕೇಳುವವರಿರುತ್ತಾರೆ.

ಹಿಂದಿನ ಜುಲೈನಲ್ಲಿ ಅವನ ಹಡಗು ಒಂದು ಬಂದರಿನ ಹೊರಗೆ ಇಪ್ಪತ್ಮೂರು ದಿನ ಲಂಗರು ಹಾಕಿ ಕಾಯುತ್ತಾ ನಿಂತಿತ್ತು. ದೀಪ ಉರಿಯಬೇಕು, ಪಂಪು ಓಡಬೇಕು, ಹಾಗಾಗಿ ಬಾಯ್ಲರು ನಿಲ್ಲುವಂತಿಲ್ಲ. ಗಾಳಿ ಒಂದೇ ಸಮನೆ ದಡದ ಕಡೆಗೆ. ದಡದಲ್ಲಿ ಬೆಸ್ತರ ಗುಡಿಸಲುಗಳು. ಹದಿನೆಂಟನೆಯ ದಿನ ಒಬ್ಬ ಗಂಡಸು, ಒಬ್ಬಳು ಹೆಂಗಸು ದೋಣಿಯಲ್ಲಿ ಹಡಗಿನ ಪಕ್ಕಕ್ಕೇ ಬಂದರು. ಹೆಂಗಸಿನ ಮಡಿಲಲ್ಲಿ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ ಮಗು. ಅವರ ಮಾತು ತಿರುನಾರಾಯಣನಿಗೆ ಬರದು. ಆದರೂ ಆ ಗಂಡಸು ಚಿಮಣಿ ತೋರಿಸಿ, ಮಗುವನ್ನು ತೋರಿಸಿ, ಕೈ ಮುಗಿದು ಕೇಳಿದ್ದು ಯಾರಿಗೆ ತಿಳಿಯುವುದಿಲ್ಲ? ತಿರುನಾರಾಯಣ ಹಡಗಿನ ಔಷಧಿ ಪೆಟ್ಟಿಗೆಯಿಂದ ಒಂದು ಸೀಸೆ ಕೊಟ್ಟು ಕಳಿಸಿದ. ಆ ದಿನ ಅವನಿಗೆ ಊಟ ಸೇರಲಿಲ್ಲ. ನಾಚಿಕೆಯಾಗಿತ್ತು, ಬರೀ ನಾಚಿಕೆ.

ಹೊಗೆಯನ್ನು ಚಿಮಣಿಯೊಳಗೇ ಸಮುದ್ರದ ನೀರಿನಿಂದ ತೊಳೆದು ಬಿಟ್ಟರೆ ಹೇಗೆ ಅಂತ ಅವನು ಅಂದೇ ಯೋಚಿಸಿದ. ನಕ್ಷೆ ಬರೆದು ಬೊಂಬಾಯಿಯ ಕಚೇರಿಗೆ ಕಳಿಸಿದ. ವಾಪಸ್ಸು ಬಂತು. ತಿದ್ದಿ ಕಳಿಸಿದ, ಮತ್ತೆ ಬಂತು. ಮೂರನೆಯ ಸಲ ಅದರ ಮೇಲೆ ಯಾರೋ ಟೀ ಲೋಟ ಇಟ್ಟ ಗುರುತೂ ಜೊತೆಗೆ ಬಂತು. ಸಮುದ್ರಕ್ಕೆ ಎಣ್ಣೆ ಚೆಲ್ಲಬಾರದು, ಕಸ ಹಾಕಬಾರದು ಅಂತ ದೇಶದೇಶದವರು ಲಂಡನ್ನಿನಲ್ಲಿ ಕೂತು ಒಪ್ಪಂದ ಬರೆದು ಆಗಲೇ ಎರಡು ವರ್ಷ ದಾಟಿತ್ತು. ಅದರಲ್ಲಿ ಹೊಗೆಯ ಮಾತಿರಲಿಲ್ಲ. ಕಾನೂನು ಕೇಳದ ಕೆಲಸವನ್ನು ಕೈಯಿಂದ ದುಡ್ಡು ಹಾಕಿ ಮಾಡಲು ಕಂಪನಿಯವರೇನು ಧರ್ಮಛತ್ರ ಇಟ್ಟಿದ್ದಾರೆಯೇ?

ಆದರೆ ಜನವರಿ ಕೊನೆಯಲ್ಲಿ ಒಂದು ಕಾಗದ ಬಂತು. ಬರೆದವರು ಕಂಪನಿಯ ಹಡಗುಗಳ ರಿಪೇರಿಗೆಲ್ಲ ದೊಡ್ಡ ತಲೆಯಾದ ಯೋಗಾನರಸಿಂಹಯ್ಯನವರು. ಮೂಲ ಮೇಲುಕೋಟೆ, ಮೂವತ್ತು ವರ್ಷದಿಂದ ಬೊಂಬಾಯಿ. "ಕಾಗದ ಓದಿ ನಂಬುವವನಲ್ಲ ನಾನು. ಫೆಬ್ರವರಿ ಹದಿನೆಂಟಕ್ಕೆ ಬೆಂಗಳೂರಿನಿಂದ ಮೇಲುಕೋಟೆಗೆ ಕಾರಿನಲ್ಲಿ ಹೋಗುತ್ತೇನೆ. ಹತ್ತರಿಂದ ಹನ್ನೊಂದರವರೆಗೆ ಮದ್ದೂರಿನಲ್ಲಿ ನಿಲ್ಲಬಲ್ಲೆ. ಕಣ್ಣಿಗೆ ತೋರಿಸುವುದಿದ್ದರೆ ತೋರಿಸು. ಮಾರ್ಚಿ ಒಂದಕ್ಕೆ ನಿನ್ನ ಹಡಗು ರಿಪೇರಿಗೆ ಬೊಂಬಾಯಿಗೆ ಬರುತ್ತದೆ. ಆಮೇಲೆ ಅದರ ಚಿಮಣಿ ಮುಟ್ಟಬೇಕೆಂದರೆ ಇನ್ನೆರಡು ವರ್ಷ."

ತಿರುನಾರಾಯಣ ಆ ಕಾಗದ ಹಿಡಿದುಕೊಂಡು ಜಗುಲಿಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಜಗುಲಿಗೆ ಆರು ಸಲ ಓಡಾಡಿದ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್ಮಾಗಿದ್ದ ತಂಗಿ ಆಂಡಾಳ್ ಕೊನೆಗೆ ಅವನ ತೋಳು ಹಿಡಿದು ನಿಲ್ಲಿಸಿದಳು.

"ಅಣ್ಣಾ, ಕುಣಿದದ್ದು ಸಾಕು. ಇಲ್ಲಿ ಹಡಗಿನ ಚಿಮಣಿ ಎಲ್ಲಿಂದ ತರ್ತೀಯ?"

"ಬೋರನ ಆಲೆಮನೆ!" ಅಂದ ತಿರುನಾರಾಯಣ, ಆಗಲೇ ಸೈಕಲ್ಲು ಹತ್ತುತ್ತಾ.

ಬೋರ ಅಂದರೆ ಗೆಜ್ಜಲಗೆರೆಯ ಆಚೆ ಹಳ್ಳಿಯ ಚಿಕ್ಕಬೋರಯ್ಯ. ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ಅವನ ಆಲೆಮನೆಯ ಬೆಲ್ಲಕ್ಕೆ ಮಂಡ್ಯದ ಮಂಡಿಯಲ್ಲಿ ಒಂದು ಕಾಲದಲ್ಲಿ ಜನ ಕೈ ಮೇಲೆ ಕೈ ಹಾಕುತ್ತಿದ್ದರು. ನಾಲೆ ನೀರು ಬಂತು ಅಂತ ಎಲ್ಲರೂ ಎಗ್ಗಿಲ್ಲದೆ ಹರಿಸಿದ್ದೇ ಹರಿಸಿದ್ದು, ತಗ್ಗಿನಲ್ಲಿದ್ದ ಬೋರಯ್ಯನ ನಾಲ್ಕು ಎಕರೆಗೆ ಚೌಳು ಹಿಡಿಯಿತು. ನೆಲದ ಮೇಲೆ ಬೆಳ್ಳಗೆ ಸುಣ್ಣ ಬಳಿದ ಹಾಗೆ ಉಪ್ಪು. ಬಾವಿ ನೀರು ಬಾಯಿಗಿಟ್ಟರೆ ನಾಲಿಗೆ ಜಾರುತ್ತದೆ. ಕಬ್ಬೇನೋ ಬೆಳೆಯಿತು, ಬೆಲ್ಲ ಮಾತ್ರ ಉಪ್ಪುಪ್ಪು. ಮಂಡಿಯವರು ಮುರಿದು ನಾಲಿಗೆಗಿಟ್ಟು ಥೂ ಅಂದರು. ಎಂಟು ವರ್ಷದಿಂದ ಆಲೆಮನೆಯ ಒಲೆ ಹೊತ್ತಿರಲಿಲ್ಲ. ಬೋರಯ್ಯ ಪಕ್ಕದ ಊರಿನಲ್ಲಿ ಗುತ್ತಿಗೆಗೆ ಹೊಲ ಹಿಡಿದು ಹೊಟ್ಟೆಗೆ ಮೋಸವಿಲ್ಲದೆ ಇದ್ದ. ಆದರೆ ಚೌಳಿನ ಮಾತೆತ್ತಿದರೆ ಮಾತ್ರ ಆ ಮನೆಯಲ್ಲಿ ಎಲ್ಲರ ಮೂತಿ ಗಂಟಾಗುತ್ತಿತ್ತು. ಅವನ ತಾಯಿ ಮರಿತಾಯಮ್ಮನಂತೂ ಮನೆಗೆ ಬಂದವರ ಕಣ್ಣಿಗೆ ಆ ಬಾವಿ ಬೀಳದ ಹಾಗೆ ಸೋಗೆಯ ತಟ್ಟಿ ಕಟ್ಟಿಸಿದ್ದಳು.

"ಒಗೆ ತೊಳೀತೀಯಾ?" ಬೋರಯ್ಯ ಎಲ್ಲವನ್ನೂ ಕೇಳಿ ತಲೆ ಕೆರೆದುಕೊಂಡ. "ಲೇ ನಾಣಿ, ಅಡಗಲ್ಲಿ ಕುಂತೂ ಕುಂತೂ ನಿಂಗೆ ತಲೆ ಕೆಟ್ಟದೆ ಕಣ್ಲಾ. ಒಲೆ ಬೇಕು ಅಂತೀಯ, ತಕ್ಕೊ. ಅಂಗೇ ಬಿದ್ದದೆ."

ಹತ್ತು ದಿನದಲ್ಲಿ ಆಲೆಮನೆಯಲ್ಲಿ ಒಂದು ವಿಚಿತ್ರ ಎದ್ದು ನಿಂತಿತು. ಡಾಂಬರಿನ ಮೂರು ಪೀಪಾಯಿ ಒಂದರ ಮೇಲೊಂದು ಬೆಸೆದದ್ದು, ಒಳಗೆಲ್ಲ ಒಡೆದ ಹೆಂಚಿನ ಚೂರು. ಒಲೆಯ ಹೊಗೆ ಕೆಳಗಿನಿಂದ ಹತ್ತಬೇಕು. ಅಟ್ಟದ ಮೇಲಿನ ಡ್ರಮ್ಮಿನಿಂದ ನೀರು ತೂತಿನ ತಗಡಿನ ಮೂಲಕ ಮೇಲಿನಿಂದ ಇಳಿಯಬೇಕು. ಹೊಗೆ, ನೀರು ಎರಡೂ ಹೆಂಚಿನ ಸಂದಿಯಲ್ಲಿ ಒಂದಕ್ಕೊಂದು ಸಿಕ್ಕಬೇಕು. ಹೊಗೆಯನ್ನು ಮೇಲಕ್ಕೆ ನೂಕಲು ಕಮ್ಮಾರನ ಹಳೆಯ ತಿದಿ. ಕೆಂಡದ ಮೇಲೆ ಚಮಚ ಚಮಚ ಗಂಧಕದ ಪುಡಿ ಹಾಕಿದರೆ ಥೇಟು ಹಡಗಿನ ಹೊಗೆಯೇ.

ಗಂಧಕ ಹೋಯಿತೋ ಇಲ್ಲವೋ ಅಂತ ನೋಡುವ ಉಪಾಯ ಆಂಡಾಳ್‌ದು. ತೊಟ್ಟಿನ ಸಮೇತ ಕೆಂಪು ದಾಸವಾಳ ಕಿತ್ತು, ನೀರು ಚಿಮುಕಿಸಿ, ಪೀಪಾಯಿಯ ತುದಿಯಲ್ಲಿ ಲಾಂದ್ರದ ಗಾಜಿನೊಳಗೆ ಇಟ್ಟಳು. "ಗಂಧಕದ ಹೊಗೆ ಹೂವಿನ ಬಣ್ಣ ತಿಂದುಬಿಡುತ್ತೆ ಅಣ್ಣಾ. ಎಂಟನೇ ಕ್ಲಾಸಿನ ಹುಡುಗಿಯರಿಗೆ ವರ್ಷಾ ವರ್ಷಾ ತೋರಿಸ್ತೀನಿ. ಹೂವು ಬೆಳ್ಳಗಾದರೆ ನೀನು ಸೋತೆ."

ತಿರುನಾರಾಯಣ ಸೋತ. ನಾಲೆಯ ನೀರು ಹರಿಸಿದರು, ಮಸಿಯೆಲ್ಲ ಕೆಳಗಿಳಿದು ಹೊಗೆ ತಿಳಿಯಾಯಿತು. ಅವನು ಕೇಕೆ ಹಾಕುವಷ್ಟರಲ್ಲಿ ದಾಸವಾಳದ ಅಂಚು ಬಿಳಿಚಿಕೊಂಡಿತು. ಐದೇ ನಿಮಿಷಕ್ಕೆ ಹೂವು ತೊಳೆದ ಹಳೇ ಬಟ್ಟೆಯ ಬಣ್ಣಕ್ಕೆ ಬಂತು. ಸಮುದ್ರದ ನೀರು ಉಪ್ಪಲ್ಲವೇ ಅಂತ ಅಂಗಡಿಯಿಂದ ಅರ್ಧ ಮೂಟೆ ಉಪ್ಪು ತಂದು ಕಲಸಿದ. ಮತ್ತೆ ಅದೇ ಐದು ನಿಮಿಷ. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಹದಿನಾಲ್ಕನೆಯ ತಾರೀಖು ಅವನು ಆಲೆಮನೆಯ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. ಕೈಯಲ್ಲಿ ಇನ್ನು ನಾಲ್ಕೇ ದಿನ.

ಆಗ ಬೋರಯ್ಯನ ಹೆಂಡತಿ ಶಿವನಂಜಮ್ಮ ಹಿತ್ತಲಿನಿಂದ ಒದ್ದೆ ಸೀರೆ ಹಿಡಿದುಕೊಂಡು ಗೊಣಗುತ್ತಾ ಬಂದಳು. ತಂಗಿಯ ಮದುವೆಯಲ್ಲಿ ಅರಿಶಿನದ ಕಲೆ ಬಿದ್ದ ಬಿಳಿ ಸೀರೆ ಅದು.

"ನೋಡಿ ಅಯ್ನೋರೆ, ಈ ಆಳು ಬಾವಿ ನೀರು. ಅರಿಸ್ನದ ಕಲೆ ಓಗ್ಲಿ ಅಂತ ಅದ್ದುದ್ರೆ ಕೆಂಪಗೆ ರಕ್ತ ಆದಂಗಾಗದೆ. ಸೋಪೂ ಆಕಿಲ್ಲ, ಏನೂ ಆಕಿಲ್ಲ."

ತಿರುನಾರಾಯಣ ತಲೆ ಎತ್ತಿದ. ಸೀರೆ ನೋಡಿದ. ಆಂಡಾಳ್ ಮುಖ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು. ಸುಣ್ಣ ಸೋಕಿದರೆ ಅರಿಶಿನ ಕೆಂಪಾಗುತ್ತದೆ, ಸೋಪು ಸೋಕಿದರೂ ಆಗುತ್ತದೆ. ಎರಡೂ ಕ್ಷಾರ. ಗಂಧಕದ ಹೊಗೆ ನೀರು ಸೇರಿದರೆ ಹುಳಿ, ಅಂದರೆ ಆಮ್ಲ. ಹುಳಿಯನ್ನು ಹಿಡಿದು ಹಾಕುವುದು ಕ್ಷಾರವೇ. ಸಮುದ್ರದ ನೀರಿನಲ್ಲೂ ಅದು ಇರುತ್ತದೆ, ಅಂಗಡಿಯ ಉಪ್ಪಿನಲ್ಲಿ ಇರುವುದಿಲ್ಲ. ಇಷ್ಟು ದಿನ ಉಪ್ಪಿನ ಹಿಂದೆ ಬಿದ್ದು ಕಣ್ಣೆದುರಿನ ಬಾವಿಯನ್ನೇ ಬಿಟ್ಟಿದ್ದರಲ್ಲ!

"ಶಿವನಂಜಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ!" ಅಂತ ಅವನು ಕೂಗಿ ತಟ್ಟಿ ಕಿತ್ತು ಬಾವಿಗೆ ಓಡಿದ. ಆಕೆ ಗಾಬರಿಯಾಗಿ ಸೀರೆ ಬಿಟ್ಟಳು.

ಚೌಳು ನೀರು ತುಂಬಿ ಒಲೆ ಹೊತ್ತಿಸಿದರು. ಐದು ನಿಮಿಷವಾಯಿತು. ದಾಸವಾಳ ಕೆಂಪಗಿತ್ತು. ಹತ್ತು ನಿಮಿಷ, ಕೆಂಪಗಿತ್ತು. ತಿದಿ ಒತ್ತುತ್ತಿದ್ದ ಬೋರಯ್ಯನ ಬೆವರು ಇಳಿದು ಪಂಚೆ ಒದ್ದೆಯಾಯಿತು, ಅವನು ನಿಲ್ಲಿಸಲಿಲ್ಲ. ಅರ್ಧ ಗಂಟೆಗೆ ಡ್ರಮ್ಮಿನ ನೀರು ಮುಗಿಯಿತು. ಹೂವು ಗಿಡದ ಮೇಲಿದ್ದ ಹಾಗೇ ಇತ್ತು. ತಿರುನಾರಾಯಣ ಗಾಜಿನ ಮೇಲೆ ಬಗ್ಗಿ ಎದೆ ತುಂಬ ಉಸಿರೆಳೆದ. ಕೆಮ್ಮು ಬರಲಿಲ್ಲ. ನಲವತ್ತರ ಹತ್ತಿರದ ಗಂಡಸು ಬೋರಯ್ಯನನ್ನು ಎತ್ತಿಕೊಂಡು ಆಲೆಮನೆಯಲ್ಲಿ ಮೂರು ಸುತ್ತು ತಿರುಗಿಸಿದ.

"ಬುಡ್ಲಾ, ಬುಡ್ಲಾ! ಬಿದ್ದೋಯ್ತೀನಿ!" ಅಂತ ಬೋರಯ್ಯ ಅರಚಿದ. ಆದರೆ ಅವನ ಕಣ್ಣು ಬಾವಿಯ ಕಡೆಗೇ ಇತ್ತು. "ನನ್ನ ಚೌಳ್ಗೂ ಒಂದು ಕೆಲಸ ಸಿಕ್ತು ಅನ್ನು."

ಹದಿನೇಳರ ಸಂಜೆ ಡ್ರಮ್ಮು ತುಂಬಿಸಿ, ಗಾಜು ಒರೆಸಿ, ಗಂಧಕ ಅಳೆದಿಟ್ಟು ತಿರುನಾರಾಯಣ ಮನೆಗೆ ಹೋದ. ಅದೇ ಸಂಜೆಯ ಬಸ್ಸಿಗೆ ಮರಿತಾಯಮ್ಮ ಮಳವಳ್ಳಿಯ ಮಗಳ ಮನೆಯಿಂದ ಊರಿಗೆ ಬಂದಳು. ಮೂರು ವಾರದಿಂದ ಅವಳು ಇಲ್ಲಿರಲಿಲ್ಲ. ಸೊಸೆ ಅನ್ನ ಬಡಿಸುತ್ತಾ ಹೇಳಿದ್ದು ಇಷ್ಟೇ: ನಾಳೆ ಬೊಂಬಾಯಿಯಿಂದ ದೊಡ್ಡ ಸಾಹೇಬರು ಬರುತ್ತಾರೆ, ಮೇಲುಕೋಟೆಯವರಂತೆ, ನಮ್ಮ ಆಲೆಮನೆಯಲ್ಲಿ ಏನೋ ನೋಡುತ್ತಾರಂತೆ. ಹೊಗೆಯ ಕತೆ ಹೇಳಲು ಹೋದರೆ ಅತ್ತೆ ಬೈಯುತ್ತಾರೆ ಅಂತ ಅಷ್ಟಕ್ಕೇ ಬಿಟ್ಟಳು.

ಹದಿನೆಂಟರ ಬೆಳಿಗ್ಗೆ ಹತ್ತೂವರೆಗೆ ಕರಿ ಅಂಬಾಸಿಡರ್ ಬಂದು ನಿಂತಿತು. ಅರ್ಧ ಗಂಟೆಯನ್ನು ಮದ್ದೂರಿನ ವಡೆಯೇ ತಿಂದುಹಾಕಿತ್ತು. ಯೋಗಾನರಸಿಂಹಯ್ಯನವರು ಇಳಿದರು. ಗಿಡ್ಡ ಆಳು, ದಪ್ಪ ಕನ್ನಡಕ, ಬಿಳಿ ಪಂಚೆಯ ಮೇಲೆ ಕೋಟು, ಹಣೆಯಲ್ಲಿ ನಾಮ. ಮಾತಿಗೆ ಮೊದಲು ಗಡಿಯಾರ ನೋಡಿಕೊಂಡರು.

"ಹನ್ನೊಂದಕ್ಕೆ ಹೊರಡ್ತೀನಿ ಕಣಯ್ಯಾ. ತೋರಿಸು."

ತಿರುನಾರಾಯಣ ಒಳಗೆ ಕರೆದುಕೊಂಡು ಹೋದ. ಪೀಪಾಯಿ ತೋರಿಸಿದ, ಹೆಂಚಿನ ಚೂರು ತೋರಿಸಿದ, ಹೂವು ಯಾಕೆ ಅಂತ ಹೇಳಿದ. "ಇದರಲ್ಲಿರೋದು ಚೌಳು ನೀರು ಸಾರ್. ಸಮುದ್ರದ ನೀರಿನ ಹಾಗೆ ಕ್ಷಾರ ಇರೋ ನೀರು. ಅರ್ಧ ಗಂಟೆ ಹೂವಿನ ಬಣ್ಣ ಕದಲೋದಿಲ್ಲ, ನೋಡ್ತಾ ಇರಿ." ಬೋರಯ್ಯ ತಿದಿಗೆ ಕೈ ಹಚ್ಚಿದ. ಆಂಡಾಳ್ ಗಂಧಕ ಹಾಕಿದಳು. ನೀರು ಹೆಂಚಿನ ಮೇಲೆ ಸದ್ದು ಮಾಡುತ್ತಾ ಇಳಿಯತೊಡಗಿತು.

ಎರಡು ನಿಮಿಷ. ಮೂರು ನಿಮಿಷ. ನಾಲ್ಕಕ್ಕೆ ದಾಸವಾಳದ ಅಂಚು ಬಿಳಿಚಿತು.

ತಿರುನಾರಾಯಣ ಕಣ್ಣುಜ್ಜಿಕೊಂಡ. ಐದಕ್ಕೆ ಎಸಳೆಲ್ಲ ಬಣ್ಣ ಬಿಟ್ಟವು. ಯೋಗಾನರಸಿಂಹಯ್ಯನವರು ಗಾಜಿಗೆ ಮೂಗು ಹತ್ತಿರ ತಂದು, ಕೆಮ್ಮಿ, ಕರವಸ್ತ್ರ ಬಾಯಿಗೆ ಹಿಡಿದು ಹಿಂದೆ ಸರಿದರು. ಬೋರಯ್ಯನ ತಿದಿ ನಿಧಾನವಾಯಿತು. ಆಮೇಲೆ ನಿಂತಿತು.

"ಏನಯ್ಯಾ ಇದು?" ಅವರ ದನಿಯಲ್ಲಿ ಕೋಪವಿರಲಿಲ್ಲ. ಬೇಸರವಿತ್ತು, ಅದು ಇನ್ನೂ ಕೆಟ್ಟದ್ದು. "ನೀನು ಒಳ್ಳೆ ಎಂಜಿನಿಯರ್ ಅಂತ ಕೇಳಿದ್ದೆ. ಹೋಗಲಿ ಬಿಡು. ಎಲ್ಲರೂ ಒಂದೊಂದು ಸಲ ಹೀಗೆ ಮಾಡ್ಕೋತಾರೆ." ಅವರು ಕಾರಿನ ಕಡೆ ತಿರುಗಿದರು.

ತಿರುನಾರಾಯಣ ಬಿಳಿಚಿದ ಹೂವನ್ನೇ ನೋಡಿದ. ಎರಡು ವರ್ಷ. ಇನ್ನೆರಡು ವರ್ಷ ಅದೇ ಚಿಮಣಿ, ಅದೇ ದಡ. ಯಾಕೆ ಹೀಗಾಯಿತು? ಮೊನ್ನೆ ನಾಲ್ಕು ಸಲ ಮಾಡಿದಾಗ ಒಂದು ಸಲವೂ ತಪ್ಪಿರಲಿಲ್ಲ. ಅವನು ಏಣಿ ಹತ್ತಿ ಅಟ್ಟಕ್ಕೆ ಹೋದ, ಡ್ರಮ್ಮಿಗೆ ಕೈ ಅದ್ದಿದ. ಚೌಳು ನೀರಿನ ಜಾರು ಬೆರಳಿಗೆ ಸಿಗಲಿಲ್ಲ. ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡ.

ಸಿಹಿ. ಅಪ್ಪಟ ನಾಲೆಯ ಸಿಹಿ ನೀರು.

"ಬೋರಾ!" ಅವನು ಅಟ್ಟದ ಮೇಲಿಂದಲೇ ಕೂಗಿದ ಕೂಗಿಗೆ ಸೂರಿನಲ್ಲಿದ್ದ ಪಾರಿವಾಳಗಳು ಹಾರಿದವು. "ಯಾರೋ ನೀರು ಬದಲಾಯಿಸಿದ್ದಾರೆ ಕಣೋ!"

"ನಾನೇ ಬದ್ಲಾಯ್ಸಿದ್ದು."

ಬಾಗಿಲಲ್ಲಿ ಮರಿತಾಯಮ್ಮ ನಿಂತಿದ್ದಳು. ಹೊಸ ಸೀರೆ ಉಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಮುಖದಲ್ಲಿ ಒಂಚೂರೂ ಅಳುಕಿಲ್ಲ. "ಕೋಳಿ ಕೂಗೋ ಒತ್ಗೆ ಎದ್ದು ನೋಡ್ತೀನಿ, ಆ ಅಲ್ಕಾ ನೀರು ತುಂಬಿ ಮಡಗವ್ರೆ. ಮೇಲ್ಕೋಟೆಯಿಂದ ಅಯ್ನೋರು ಬತ್ತಾರೆ, ಕೈಕಾಲು ತೊಳ್ಕೊಳ್ಳಾಕೆ ಚೌಳು ನೀರು ಕೊಡಾಕಾಯ್ತದಾ? ಈ ಮನೇಗೆ ಬಂದ ನೆಂಟ್ರಿಗೆ ಒಂದ್ಸಲನಾದ್ರೂ ಆ ನೀರು ತೋರ್ಸಿದ್ದೀನಾ? ಬಿರಡೆ ಕಿತ್ತು ಎಲ್ಲಾ ಚೆಲ್ಬುಟ್ಟೆ. ನೀವು ಏಳೋದ್ರೊಳ್ಗೆ ಪಕ್ಕದ್ಮನೆ ಎಂಗುಸ್ರು ಇಬ್ರನ್ನ ಕಟ್ಕೊಂಡು ನಾಲೆಯಿಂದ ಅದ್ನೈದು ಬಿಂದ್ಗೆ ಒತ್ತಿದ್ದೀನಿ, ಈ ವಯಸ್ನಲ್ಲಿ! ಏನ್ ತಪ್ಪಾಯ್ತು?"

ಬೋರಯ್ಯ ತಿದಿ ಬಿಟ್ಟು ಎದ್ದ. ಅವನ ಮುಖ ಕಪ್ಪಿಟ್ಟಿತ್ತು. "ಅವ್ವಾ! ನಿಂಗೆ ಯಾರ್ ಏಳಿದ್ರು? ನಾಣಿ ಬಾಯ್ಗೆ ಮಣ್ಣಾಕ್ಬುಟ್ಟಲ್ಲವ್ವಾ! ಅದು ಕೈಕಾಲು ತೊಳ್ಯಾಕೆ ಮಡಗಿದ್ದ ನೀರಲ್ಲ, ಅವ್ನು ಒಂದ್ತಿಂಗ್ಳು ಪಟ್ಟ ಪಾಡು ಅದು!"

ಮುದುಕಿಯ ಗತ್ತು ಅಲ್ಲೇ ಇಳಿಯಿತು. ಅವಳು ಮಗನ ಮುಖ ನೋಡಿದಳು, ಅಟ್ಟದ ಮೇಲಿದ್ದವನ ಮುಖ ನೋಡಿದಳು. ಮೂಲೆಯಲ್ಲಿದ್ದ ಕೊಡ ಎತ್ತಿಕೊಂಡು ನೇರ ಚೌಳು ಬಾವಿಗೆ ನಡೆದಳು.

ತಿರುನಾರಾಯಣ ಏಣಿಯಿಂದ ಹಾರಿಯೇ ಇಳಿದ. ಕಾರಿನ ಬಾಗಿಲು ಹಿಡಿದು ನಿಂತ. "ಸಾರ್, ಡ್ರಮ್ಮಿನಲ್ಲಿ ಇದ್ದದ್ದು ಚೌಳು ನೀರಲ್ಲ, ಸಿಹಿ ನೀರು. ನಮಗೆ ಗೊತ್ತಿಲ್ಲದೆ ಬದಲಾಗಿದೆ. ಇಪ್ಪತ್ತು ನಿಮಿಷ ಕೊಡಿ. ಒಂದೇ ಒಂದು ಸಲ."

"ಹನ್ನೊಂದಾಗಕ್ಕೆ ಹತ್ತು ನಿಮಿಷ ಇದೆ."

"ಹಾಗಾದರೆ ಆ ಹತ್ತು ನಿಮಿಷ ಕೊಡಿ. ಆಮೇಲೆ ನಿಮಗಿಷ್ಟ ಬಂದದ್ದು ಮಾಡಿ."

ಯೋಗಾನರಸಿಂಹಯ್ಯನವರು ಅವನ ಮುಖವನ್ನೇ ನೋಡಿದರು. ಆ ಮುಖದಲ್ಲಿ ಏನು ಕಂಡರೋ, ಒಂದು ಕಾಲು ಕಾರಿನೊಳಗಿಟ್ಟಿದ್ದವರು ತೆಗೆದು ಹೊರಗಿಟ್ಟರು.

ಮುಂದಿನ ಐದಾರು ನಿಮಿಷ ಆ ಹಿತ್ತಲಿನಲ್ಲಿ ನಡೆದ ಗದ್ದಲವನ್ನು ನೋಡಿಯೇ ನಂಬಬೇಕು. ಬಾವಿಯಿಂದ ಮರಿತಾಯಮ್ಮ ಸೇದುತ್ತಿದ್ದಳು, ಬೇಡ ಅಂದರೂ ಹಗ್ಗ ಬಿಡಲಿಲ್ಲ. ಶಿವನಂಜಮ್ಮ ತುಂಬಿದ ಕೊಡ ಆಂಡಾಳ್‌ಗೆ ಕೊಟ್ಟಳು. ಮಡಿಕೆ ಕೆಡದ ಮೈಸೂರು ರೇಷ್ಮೆ ಸೀರೆಯಲ್ಲಿ ಬಂದಿದ್ದ ಮೇಡಮ್ಮು ಸೊಂಟದವರೆಗೆ ನೆನೆದು ಏಣಿಯ ಬುಡಕ್ಕೆ ಓಡಿದಳು. ಏಣಿಯ ಮೇಲೆ ಬೋರಯ್ಯ, ಅಟ್ಟದ ಮೇಲೆ ಸಿಹಿ ನೀರು ಚೆಲ್ಲಿ ಡ್ರಮ್ಮಿಗೆ ಕೊಡ ಬಗ್ಗಿಸುತ್ತಾ ತಿರುನಾರಾಯಣ. ಬೆಳಿಗ್ಗೆ ನಾಲೆಯ ನೀರು ಹೊತ್ತಿದ್ದ ಪಕ್ಕದ ಮನೆಯ ಇಬ್ಬರು ಹೆಂಗಸರು "ನೀನೇ ಅಲ್ವಾ ತುಂಬ್ಸಿದ್ದು, ಈಗ ನೀನೇ ಚೆಲ್ಲಿಸ್ತೀಯಾ" ಅಂತ ಮರಿತಾಯಮ್ಮನನ್ನು ಬೈಯುತ್ತಲೇ ಕೊಡ ತಂದು ಸೇರಿಕೊಂಡರು. ಕಾರಿನ ಡ್ರೈವರು ಸುಮ್ಮನೆ ನಿಂತು ನೋಡಲಾರದೆ ಷರಟಿನ ತೋಳು ಮಡಿಸಿದ. ಎಂಟು ಕೊಡವಾಗುವಷ್ಟರಲ್ಲಿ ತಿರುನಾರಾಯಣ "ಸಾಕು, ಹಚ್ಚಿ!" ಅಂದ.

ಹೊಸ ದಾಸವಾಳ ಗಾಜಿನೊಳಗೆ ಹೋಯಿತು. ತಿದಿ ಉಸಿರಾಡಿತು. ಆಂಡಾಳ್ ಈ ಸಲ ಗಂಧಕವನ್ನು ಒಂದು ಚಮಚ ಹೆಚ್ಚೇ ಹಾಕಿದಳು, ಹಟಕ್ಕೆ.

ಐದು ನಿಮಿಷ. ಕೆಂಪು.

ಎಂಟು ನಿಮಿಷ. ಕೆಂಪು. ಹನ್ನೊಂದು ದಾಟಿತು, ಗಡಿಯಾರ ನೋಡಬೇಕಾದವರು ನೋಡಲಿಲ್ಲ. ಯೋಗಾನರಸಿಂಹಯ್ಯನವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಗಾಜಿನ ಮೇಲೆ ಬಗ್ಗಿದರು, ಹೆದರುತ್ತಾ ಸ್ವಲ್ಪ ಉಸಿರೆಳೆದರು, ಆಮೇಲೆ ಹೆದರದೆ ಪೂರ್ತಿ ಎಳೆದರು. ಕೆಮ್ಮಲಿಲ್ಲ. ಕೋಟು ಬಿಚ್ಚಿ ಡ್ರೈವರ ಕೈಗೆ ಕೊಟ್ಟರು.

"ಸಿಹಿ ನೀರು ಮತ್ತೆ ಹಾಕಿ" ಅಂದರು.

"ಸಾರ್?"

"ಹಾಕಿ ಅಂದೆನಲ್ಲಾ. ಆ ಯಜಮಾನಮ್ಮ ಹಾಕಿದರಲ್ಲ, ಅದೇ ನಾಲೆ ನೀರು. ತಿದಿ ನಾನು ಒತ್ತುತ್ತೀನಿ, ಗಂಧಕ ನಾನು ಹಾಕ್ತೀನಿ. ನೀವ್ಯಾರೂ ಮುಟ್ಟಬೇಡಿ."

ಐದು ನಿಮಿಷಕ್ಕೆ ಹೂವು ಬಿಳಿ. ಮತ್ತೆ ಚೌಳು, ಹೂವು ಕೆಂಪು. ಮತ್ತೆ ಸಿಹಿ, ಬಿಳಿ. ಹನ್ನೆರಡೂವರೆ ಹೊತ್ತಿಗೆ ಆ ದೊಡ್ಡ ಮನುಷ್ಯರ ಬನಿಯನ್ನಿನ ಮೇಲೆಲ್ಲ ಮಸಿ, ನಾಮ ಬೆವರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ಅವರು ಮಕ್ಕಳ ಹಾಗೆ ನಗುತ್ತಿದ್ದರು.

"ಸಮುದ್ರದ ನೀರು ಇಷ್ಟು ಗಟ್ಟಿ ಇಲ್ಲವಲ್ಲಯ್ಯಾ?" ಅಂತ ನಗುವಿನ ನಡುವೆಯೇ ಕೊಕ್ಕೆ ಹಾಕಿದರು.

"ಇಲ್ಲ ಸಾರ್. ಬಂದರಿನಿಂದ ಸೀಸೆಯಲ್ಲಿ ತಂದಿದ್ದೆ, ತಂಗಿ ಸ್ಕೂಲಿನಲ್ಲಿ ಅಳೆದು ನೋಡಿದಳು. ಈ ಬಾವಿ ಎಂಟು ಪಟ್ಟು ಗಟ್ಟಿ. ಆದರೆ ಇಲ್ಲಿ ನಾವು ಕೊಡದಲ್ಲಿ ಹೊರಬೇಕು, ಅಲ್ಲಿ ಹಡಗು ನೀರಿನ ಮೇಲೇ ಕೂತಿದೆ. ಎಂಟು ಪಟ್ಟು ಹರಿಸಿದರಾಯಿತು. ದೊಡ್ಡ ಪಂಪು ಬೇಕು, ಅಷ್ಟೆ."

"ತೊಳೆದ ಹುಳಿ ನೀರು?"

"ಅದನ್ನ ಏನು ಮಾಡಬೇಕು ಅಂತ ಇನ್ನೂ ಪೂರ್ತಿ ಗೊತ್ತಿಲ್ಲ ಸಾರ್. ನಡು ಸಮುದ್ರದಲ್ಲಿ ಬಿಟ್ಟರೆ ತಡೆಯಬಹುದು. ಬಂದರಿನಲ್ಲಿ ಬಿಡಬಾರದು, ತೊಟ್ಟಿಯಲ್ಲಿ ಇಟ್ಟುಕೊಳ್ಳಬೇಕು. ಅಳೆದು ನೋಡಬೇಕು."

ಗೊತ್ತಿಲ್ಲ ಅಂದ ಮಾತು ಅವರಿಗೆ ಹಿಡಿಸಿತು. ಆಲೆಮನೆಯ ಕಟ್ಟೆಯ ಮೇಲೆ ಕೂತು, ಡೈರಿಯ ಹಾಳೆ ಹರಿದು, ಮಸಿ ಕೈಯಲ್ಲೇ ನಾಲ್ಕು ಸಾಲು ಬರೆದು ರುಜು ಹಾಕಿದರು. "ನೀನು ಚೌಳು ನೀರೊಂದೇ ತೋರಿಸಿದ್ದರೆ, ಅದರಲ್ಲಿ ಏನೋ ಬೆರೆಸಿದ್ದೀಯ ಅಂತ ಹೇಳಿ ಹೋಗಿಬಿಡ್ತಿದ್ದೆ ಕಣಯ್ಯಾ. ಕೆಡಿಸಿ ತೋರಿಸಿದ್ದಕ್ಕೇ ನಂಬಿದ್ದು. ತಗೋ. ಒಂದು ಹಡಗು, ಒಂದು ಚಿಮಣಿ. ಇಪ್ಪತ್ತೈದಕ್ಕೆ ಬೊಂಬಾಯಿಯಲ್ಲಿರು. ಇನ್ನುಳಿದ ರಜೆ ಮರೆತುಬಿಡು."

ತಿರುನಾರಾಯಣ ಹಾಳೆ ಓದಿದ. ಎರಡನೆಯ ಸಾಲಿಗೇ ಅಕ್ಷರ ಕಲಸಿಕೊಂಡಿತು. ಎಲ್ಲರೆದುರಿಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಅಷ್ಟು ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಬೋರಯ್ಯ ಬಂದು "ಅಳ್ಬ್ಯಾಡ ಕಣ್ಲಾ, ಸಾಯೇಬ್ರು ನೋಡ್ತಾವ್ರೆ" ಅಂತ ಬೆನ್ನು ತಟ್ಟುತ್ತಾ ತಾನೂ ಮೂಗು ಒರೆಸಿಕೊಂಡ.

"ಇನ್ನೊಂದು" ಅಂದರು ಯೋಗಾನರಸಿಂಹಯ್ಯನವರು, ಕೋಟು ಹಾಕಿಕೊಳ್ಳುತ್ತಾ. "ಬೊಂಬಾಯಿಯಲ್ಲಿ ನಾಲ್ಕು ಜನರನ್ನ ಒಪ್ಪಿಸಬೇಕು. ಅವರ ಟೇಬಲ್ಲಿನ ಮೇಲೆ ಇದೇ ಆಟ ಆಡಿ ತೋರಿಸ್ತೀನಿ. ಆ ನೀರು ಒಂದು ಕ್ಯಾನು ಬೇಕು."

"ಯಾವ ನೀರು ಬುದ್ಧಿ?" ಅಂದಳು ಮರಿತಾಯಮ್ಮ. ಬಾವಿಕಟ್ಟೆ ಬಿಟ್ಟು ಅವಳು ಅಲ್ಲಿಯವರೆಗೂ ಹತ್ತಿರ ಬಂದಿರಲಿಲ್ಲ.

"ನಿಮ್ಮ ಬಾವಿಯದು ತಾಯಿ. ಚೌಳು ನೀರು."

ಅವಳು ಗ್ರಹಿಸಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಒಳಗೆ ಹೋದಳು. ಡ್ರೈವರು ತಂದ ಪೆಟ್ರೋಲಿನ ಕ್ಯಾನನ್ನು ತಿರುಗಿಯೂ ನೋಡಲಿಲ್ಲ. ಮದುವೆ ಮುಂಜಿಗೆ ಮಾತ್ರ ಇಳಿಸುವ ಹಿತ್ತಾಳೆ ಬಿಂದಿಗೆ ಹೊರಬಂತು. ಹುಣಿಸೆಹಣ್ಣು ಹಚ್ಚಿ ಉಜ್ಜಿದಳು, ಸೊಸೆ ಉಜ್ಜುತ್ತೇನೆಂದರೆ ಕೊಡಲಿಲ್ಲ. ಬಾವಿಗೆ ಹೋಗಿ ತಾನೇ ಸೇದಿ ಕಂಠದವರೆಗೆ ತುಂಬಿದಳು, ಬಾಯಿಗೆ ವೀಳ್ಯದೆಲೆ ಮುಚ್ಚಿ ಬಟ್ಟೆ ಕಟ್ಟಿದಳು.

ಅಷ್ಟರಲ್ಲಿ ಊರೆಲ್ಲ ಕಾರಿನ ಸುತ್ತ ಸೇರಿತ್ತು. ಉಪ್ಪು ಬೆಲ್ಲ ಅಂತ ಮಂಡಿಯಿಂದ ಆಡಿಕೊಂಡು ಬಂದವರೂ ಅದರಲ್ಲಿದ್ದರು. ಮರಿತಾಯಮ್ಮ ಬಿಂದಿಗೆಯನ್ನು ತಲೆಯ ಮೇಲಿಟ್ಟು, ಹಿತ್ತಲ ದಾರಿ ಬಿಟ್ಟು, ಮುಂಬಾಗಿಲಿನಿಂದಲೇ ಬೀದಿಗಿಳಿದಳು. ಬೋರಯ್ಯ ಕೈ ಕೊಡಲು ಹೋದ. ಅವಳು ಮೊಣಕೈಯಲ್ಲಿ ತಿವಿದಳು.

"ಜಾಗ ಬುಡ್ರಲಾ" ಅಂದಳು, ಇಡೀ ಬೀದಿಗೆ ಕೇಳುವ ಹಾಗೆ. "ನಮ್ಮ ಚೌಳು ಬಾವಿ ನೀರು ಕಣ್ರಲಾ ಇದು. ಬೊಂಬಾಯಿಗೆ ಓಯ್ತಾ ಅದೆ."